ನದಿ ದಂಡೆಯ ಮೂವರು ದಪ್ಪ ಹೆಂಗಸರು

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಈ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ಇದು ಜರ್ಮನಿಯ ಹಾನೋವರ್ ನಗರ. ಊರ ನಡುವೆ ಲೈನ ಎಂಬ ನದಿ ಹರಿಯುತ್ತದೆ. ಅದರ ದಂಡೆಗೆ ಅಂಟಿಕೊಂಡು ಅಗಲವಾದ ರಸ್ತೆ. ರಸ್ತೆಯ ಪಕ್ಕದಲ್ಲಿ ಮೂವರು ಹೆಂಗಸರು. ಆಳೆತ್ತರಕ್ಕಿಂತ ಎಷ್ಟೋ ದೊಡ್ಡವರು. ದಪ್ಪ ತೊಡೆ, ತುಂಬಿದ ಹೊಟ್ಟೆ, ದೊಡ್ಡ ಎದೆ. ತಲೆ ಮಾತ್ರ ಪುಟ್ಟದು. ಮೈಯೆಲ್ಲ ಕೆಂಪು, ಹಳದಿ, ನೀಲಿ, ಹಸಿರು. ಕುಣಿಯುತ್ತಿದ್ದಾರೆ. ಯಾರು ನೋಡುತ್ತಿದ್ದಾರೆ ಎಂಬ ಯೋಚನೆ ಅವರಿಗಿಲ್ಲ.

ಇವರನ್ನು ನಾನಾಗಳು ಅಂತ ಕರೆಯುತ್ತಾರೆ. ಫ್ರೆಂಚ್ ಆಡುಮಾತಿನಲ್ಲಿ ಹುಡುಗಿ ಎಂದಷ್ಟೇ ಅರ್ಥ. ಈ ಶಿಲ್ಪಗಳನ್ನು ಮಾಡಿದವರು ನಿಕಿ ದ ಸಾಂ ಫಾಲ್ ಎಂಬ ಕಲಾವಿದೆ. 1974ರ ಜನವರಿಯಲ್ಲಿ ಇವರು ಈ ದಂಡೆಗೆ ಬಂದರು. ಇವತ್ತು ಹಾನೋವರ್ ಎಂದರೆ ಪೋಸ್ಟ್‌ಕಾರ್ಡ್ ಮೇಲೆ ಬರುವುದು ಇವರೇ. ಆದರೆ ಬಂದ ಹೊಸದರಲ್ಲಿ ಊರಿನ ಬಹಳಷ್ಟು ಜನಕ್ಕೆ ಇವರು ಬೇಡವಾಗಿದ್ದರು. ಪತ್ರಿಕೆಗಳಿಗೆ ಸಿಟ್ಟಿನ ಪತ್ರಗಳು ಹೋದವು. ತೆಗೆಸಿ ಎಂದು ಸಹಿ ಸಂಗ್ರಹ ನಡೆಯಿತು.

ಜನ ಯಾಕೆ ಅಷ್ಟು ರೇಗಿದರು? ಅದನ್ನು ತಿಳಿಯಲು ಆ ಊರಿನ ಆಗಿನ ಸ್ಥಿತಿ ನೋಡಬೇಕು. ಎರಡನೇ ಮಹಾಯುದ್ಧದಲ್ಲಿ ಹಾನೋವರ್ ಮೇಲೆ ವಿಪರೀತ ಬಾಂಬ್ ಬಿದ್ದಿತ್ತು. ಊರಿನ ನಡುಭಾಗ ಬಹುಪಾಲು ನೆಲಸಮ. ಯುದ್ಧ ಮುಗಿದ ಮೇಲೆ ರುಡಾಲ್ಫ್ ಹಿಲೆಬ್ರೆಕ್ಟ್ ಎಂಬ ನಗರ ಯೋಜಕರ ಕೈಯಲ್ಲಿ ಊರು ಮತ್ತೆ ಎದ್ದು ನಿಂತಿತು. ಕಾರು ಸಲೀಸಾಗಿ ಓಡಾಡಲಿ ಎಂದು ಅಗಲ ರಸ್ತೆಗಳು, ನೇರ ಕಟ್ಟಡಗಳು. ಎಲ್ಲ ಅಚ್ಚುಕಟ್ಟು. ಆದರೆ ಬಣ್ಣ ಕಡಿಮೆ. ಅಲ್ಲಿನ ಆಡಳಿತಕ್ಕೂ ಅದು ಗೊತ್ತಾಗಿರಬೇಕು. 1970ರಲ್ಲಿ ನಗರಾಡಳಿತವೇ ‘ಬೀದಿ ಕಲೆ’ ಎಂಬ ಪ್ರಯೋಗ ಶುರು ಮಾಡಿತು. ಕಲೆ ಮ್ಯೂಸಿಯಂ ಬಿಟ್ಟು ರಸ್ತೆಗೆ ಬರಲಿ ಎಂಬುದು ಉದ್ದೇಶ. ನಗರಾಡಳಿತದ ಮುಖ್ಯಸ್ಥ ಮಾರ್ಟಿನ್ ನಾಯ್ಫರ್ ಇದರ ಹಿಂದೆ ಗಟ್ಟಿಯಾಗಿ ನಿಂತಿದ್ದರು. ನಾನಾಗಳು ಬಂದದ್ದು ಆ ಪ್ರಯೋಗದ ಭಾಗವಾಗಿ.

ಸಮಯ ಮಾತ್ರ ಚೆನ್ನಾಗಿರಲಿಲ್ಲ. 1973ರ ಕೊನೆಯಲ್ಲಿ ಎಣ್ಣೆ ಬಿಕ್ಕಟ್ಟು. ಪೆಟ್ರೋಲ್ ಉಳಿಸಲು ಜರ್ಮನಿಯಲ್ಲಿ ಕೆಲವು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದ್ದರು. ಜನ ಕೈ ಬಿಗಿ ಹಿಡಿದು ಬದುಕುತ್ತಿದ್ದ ಹೊತ್ತು. ಅಂಥ ಹೊತ್ತಲ್ಲಿ ಸರ್ಕಾರಿ ದುಡ್ಡಿನಲ್ಲಿ ಮೂರು ಪ್ಲಾಸ್ಟಿಕ್ ಹೆಂಗಸರು! ದುಡ್ಡಿನ ಮಾತು ನ್ಯಾಯವಾದದ್ದೇ. ಯಾವ ಊರಿನವರೂ ಕೇಳಬೇಕಾದ ಪ್ರಶ್ನೆ ಅದು. ಆದರೆ ದುಡ್ಡಿನ ಕೆಳಗೆ ಇನ್ನೊಂದು ಸಿಟ್ಟು ಇತ್ತು ಎಂದೇ ನನಗೆ ಅನಿಸುವುದು.

ನಮ್ಮ ಊರುಗಳನ್ನೇ ನೆನಪು ಮಾಡಿಕೊಳ್ಳಿ. ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಕುದುರೆ ಏರಿದ ಕಿತ್ತೂರು ಚೆನ್ನಮ್ಮ. ಚಿತ್ರದುರ್ಗದಲ್ಲಿ ಒನಕೆ ಹಿಡಿದ ಓಬವ್ವ. ಅವರು ಅಲ್ಲಿ ನಿಂತಿರುವುದು ನಮಗೆಲ್ಲ ಹೆಮ್ಮೆ. ಆದರೆ ಹೆಂಗಸೊಬ್ಬಳು ನಾಲ್ಕು ರಸ್ತೆ ಸೇರುವಲ್ಲಿ ಮೂರ್ತಿಯಾಗಿ ನಿಲ್ಲಬೇಕಾದರೆ ರಾಣಿಯಾಗಿರಬೇಕು, ವೀರಳಾಗಿರಬೇಕು, ಇಲ್ಲವೇ ದೇವಿ. ಯುರೋಪಿನಲ್ಲೂ ಅಷ್ಟೆ. ರಾಣಿಯರು, ಮಾತೆ ಮೇರಿ. ಅದು ಬಿಟ್ಟರೆ ನ್ಯಾಯ, ವಿಜಯ, ಸ್ವಾತಂತ್ರ್ಯ ಎಂಬ ಹೆಸರು ಹೊತ್ತ ಸುಂದರ ಕಲ್ಲಿನ ತರುಣಿಯರು. ಈ ನಾನಾಗಳು ಏನೂ ಸಾಧಿಸಿಲ್ಲ. ಯಾವ ಯುದ್ಧವನ್ನೂ ಗೆದ್ದಿಲ್ಲ. ಯಾವ ಗುಣಕ್ಕೂ ಸಂಕೇತ ಅಲ್ಲ. ದಪ್ಪಗಿದ್ದಾರೆ, ಖುಷಿಯಾಗಿದ್ದಾರೆ, ಜಾಸ್ತಿ ಜಾಗ ಹಿಡಿದಿದ್ದಾರೆ. ಅಷ್ಟೆ. ಇಷ್ಟು ಜಾಗ ತೆಗೆದುಕೊಳ್ಳಲು ಇವರಿಗೆ ಯಾರು ಹೇಳಿದರು ಎಂಬುದೇ ಆ ಸಿಟ್ಟಿನ ಒಳಮಾತು. ನಿಕಿ ಬದುಕಿನುದ್ದಕ್ಕೂ ಮಾಡಿದ ಕೆಲಸವನ್ನು ನಾನು ಹೀಗೇ ನೋಡುತ್ತೇನೆ: ಅವರು ಹೆಣ್ಣಿನ ಮೈಗೆ ಬಯಲಿನಲ್ಲಿ ಜಾಗ ಮಾಡಿಕೊಟ್ಟರು. ಯಾರ ಅನುಮತಿಯನ್ನೂ ಕೇಳದೆ.

ಅವರ ಹಿನ್ನೆಲೆಗೆ ಬರುತ್ತೇನೆ. 1930ರಲ್ಲಿ ಪ್ಯಾರಿಸ್ ಪಕ್ಕದ ನ್ಯೂಯಿ ಎಂಬಲ್ಲಿ ಹುಟ್ಟಿದರು. ಅಪ್ಪ ಫ್ರೆಂಚ್ ಬ್ಯಾಂಕರ್, ಅಮ್ಮ ಅಮೆರಿಕದವರು. ಬೆಳೆದದ್ದು ಹೆಚ್ಚಾಗಿ ನ್ಯೂಯಾರ್ಕಿನಲ್ಲಿ. ಅಲ್ಲಿನ ಒಂದು ಶಾಲೆಯಲ್ಲಿ ಗ್ರೀಕ್ ಮಾದರಿಯ ಮೂರ್ತಿಗಳಿದ್ದವು. ಮಾನ ಮುಚ್ಚಲು ಅವಕ್ಕೆ ಎಲೆ ಇಟ್ಟಿರುತ್ತಾರಲ್ಲ, ಆ ಎಲೆಗಳಿಗೆ ಈ ಹುಡುಗಿ ಕೆಂಪು ಬಣ್ಣ ಬಳಿದಳು. ಶಾಲೆಯಿಂದ ಹೊರಗೆ ಹಾಕಿದರು. ಹದಿಹರೆಯದಲ್ಲೇ ಮಾಡೆಲ್ ಆದರು. ಲೈಫ್, ವೋಗ್ ಪತ್ರಿಕೆಗಳ ಮುಖಪುಟದಲ್ಲಿ ಬಂದರು. ಹದಿನೆಂಟಕ್ಕೆ ಮನೆಯವರಿಗೆ ಹೇಳದೆ ಮದುವೆ. ಎರಡು ಮಕ್ಕಳು. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲ.

1953ರಲ್ಲಿ ಮನಸ್ಸು ಮುರಿದುಬಿತ್ತು. ಫ್ರಾನ್ಸಿನ ನೀಸ್ ಊರಿನ ಆಸ್ಪತ್ರೆಯಲ್ಲಿ ಕರೆಂಟ್ ಶಾಕ್ ಚಿಕಿತ್ಸೆ ಕೊಟ್ಟರು. ಅಲ್ಲೇ ಅವರು ಗಂಭೀರವಾಗಿ ಚಿತ್ರ ಬಿಡಿಸಲು ಶುರು ಮಾಡಿದ್ದು. ಯಾವ ಕಲಾಶಾಲೆಗೂ ಹೋದವರಲ್ಲ. ಎಷ್ಟೋ ವರ್ಷದ ಮೇಲೆ, 1994ರಲ್ಲಿ, ತಾವು ಬರೆದ ಒಂದು ಪುಟ್ಟ ಪುಸ್ತಕದಲ್ಲಿ ಮುಚ್ಚಿಟ್ಟಿದ್ದ ವಿಷಯ ಹೇಳಿದರು. ಹನ್ನೊಂದನೇ ವಯಸ್ಸಿನಲ್ಲಿ ಸ್ವಂತ ಅಪ್ಪನಿಂದಲೇ ಲೈಂಗಿಕ ದೌರ್ಜನ್ಯವಾಗಿತ್ತು. ಹೇಳುವಾಗ ಅವರಿಗೆ ಅರವತ್ತು ದಾಟಿತ್ತು. ಈ ವಿಷಯವನ್ನು ನಾನು ಸುಮ್ನೆ ಎತ್ತುತ್ತಿಲ್ಲ. ನಾನಾಗಳ ಬಣ್ಣ ನೋಡಿ ‘ಎಷ್ಟು ಮುಗ್ಧ, ಮಕ್ಕಳಾಟದ ಹಾಗಿದೆ’ ಅನ್ನುವವರಿದ್ದಾರೆ. ಮುಗ್ಧತೆ ಅಲ್ಲ ಅದು. ಆ ಬಣ್ಣಕ್ಕೆ ಮುಂಚೆ ಒಂದು ಬಂದೂಕು ಇತ್ತು.

ನಿಜವಾದ ಬಂದೂಕೇ. 1961ರಲ್ಲಿ ಪ್ಯಾರಿಸ್ಸಿನ ಅಂಪಾಸ್ ರೋನ್ಸ್ಯಾಂ ಎಂಬ ಓಣಿಯಲ್ಲಿ, ಕಲಾವಿದರ ಹಳೆ ಗೂಡುಗಳಿದ್ದ ಜಾಗದಲ್ಲಿ, ನಿಕಿ ಚಿತ್ರಗಳಿಗೆ ಗುಂಡು ಹೊಡೆಯಲು ಶುರು ಮಾಡಿದರು. ಹಲಗೆಯ ಮೇಲೆ ಆಟಿಕೆ, ಹಳೆ ಸಾಮಾನು ಅಂಟಿಸುವುದು. ನಡುವೆ ಬಣ್ಣ ತುಂಬಿದ ಚೀಲಗಳನ್ನು ಹುದುಗಿಸುವುದು. ಮೇಲೆ ಬಿಳಿ ಪ್ಲಾಸ್ಟರ್ ಬಳಿಯುವುದು. ಆಮೇಲೆ ದೂರ ನಿಂತು ರೈಫಲ್‌ನಿಂದ ಹೊಡೆಯುವುದು. ಚೀಲ ಒಡೆದು ಬಣ್ಣ ಸುರಿಯುತ್ತದೆ. ಬಿಳಿ ಚಿತ್ರಕ್ಕೆ ಗಾಯವಾಗಿ ರಕ್ತ ಸುರಿದಂತೆ. ಎರಡು ವರ್ಷದೊಳಗೆ ಅವರು ಲೋಕಕ್ಕೆಲ್ಲ ಗೊತ್ತಾದರು. ಆಮೇಲೆ ನಿಲ್ಲಿಸಿಬಿಟ್ಟರು. ಇನ್ನೂ ಹೊಡೆಯುತ್ತಾ ಇದ್ದಿದ್ದರೆ ಹೆಸರಿಗೇನೂ ಕಡಿಮೆ ಇರಲಿಲ್ಲ. ಆದರೆ ಹಾಗೆ ನಿಲ್ಲಿಸಿದ್ದರಿಂದಲೇ ಮುಂದಿನದು ಸಾಧ್ಯವಾಯಿತು ಎಂದು ನನ್ನ ನಂಬಿಕೆ.

ಆ ಹೊತ್ತಿಗೆ ಅವರ ಗೆಳತಿ ಕ್ಲಾರಿಸ್ ರಿವರ್ಸ್ ಬಸುರಿ. ಕ್ಲಾರಿಸ್ ಗಂಡ ಲ್ಯಾರಿ ರಿವರ್ಸ್ ಚಿತ್ರಕಾರ. ತುಂಬು ಬಸುರಿ ಹೆಂಡತಿಯ ಮೈಯ ಗೆರೆಯನ್ನು ಅವರು ಬಿಡಿಸಿದರು, ಒಳಗಿನ ಜಾಗವನ್ನೆಲ್ಲ ನಿಕಿ ಬಣ್ಣ, ವಿನ್ಯಾಸಗಳಿಂದ ತುಂಬಿದರು. ನಾನಾಗಳು ಹುಟ್ಟಿದ್ದು ಅಲ್ಲಿಂದ. ಮೊದಲ ನಾನಾಗಳು ತಂತಿ, ಉಣ್ಣೆ, ಬಟ್ಟೆ, ಕಾಗದದ ರೊಟ್ಟಿನವು. 1965ರಲ್ಲಿ ಪ್ಯಾರಿಸ್ಸಿನ ಗ್ಯಾಲರಿಯಲ್ಲಿ ಅವನ್ನು ಇಟ್ಟರು.

ಆದರೆ ಗ್ಯಾಲರಿ ಅವಕ್ಕೆ ಸಾಲಲಿಲ್ಲ. ಮರು ವರ್ಷ, 1966ರಲ್ಲಿ, ಸ್ಟಾಕ್‌ಹೋಮಿನ ಆಧುನಿಕ ಕಲಾ ಮ್ಯೂಸಿಯಂ ನಿರ್ದೇಶಕ ಪೊಂಟುಸ್ ಹುಲ್ತೆನ್ ನಿಕಿಯನ್ನು ಕರೆಸಿದರು. ನಿಕಿ, ಅವರ ಸಂಗಾತಿ ಜಾಂ ಟಾಂಗ್ಲಿ ಮತ್ತು ಪೆರ್ ಊಲೊಫ್ ಉಲ್ಟ್‌ವೆಡ್ ಎಂಬ ಕಲಾವಿದ ಸೇರಿ ಕೆಲವೇ ವಾರದಲ್ಲಿ ಒಂದು ಹೆಣ್ಣನ್ನು ಕಟ್ಟಿದರು. ‘ಹೋನ್’ ಅಂತ ಹೆಸರು. ಸ್ವೀಡಿಷ್‌ನಲ್ಲಿ ‘ಅವಳು’. ಉದ್ದ ಸುಮಾರು 25 ಮೀಟರ್, ಎತ್ತರ 6 ಮೀಟರ್. ಬೆನ್ನು ಕೆಳಗೆ ಮಾಡಿ, ಮೊಣಕಾಲು ಮಡಚಿ ಮಲಗಿದ ಬಸುರಿ. ಜನ ಅವಳ ಕಾಲುಗಳ ನಡುವಿನಿಂದಲೇ ಒಳಗೆ ಹೋಗಬೇಕಿತ್ತು. ಒಂದು ಎದೆಯೊಳಗೆ ಹಾಲಿನ ಅಂಗಡಿ. ಇನ್ನೊಂದರಲ್ಲಿ ನಕ್ಷತ್ರ ಲೋಕ. ಹನ್ನೆರಡು ಜನ ಕೂರುವಷ್ಟು ಸಿನಿಮಾ ಮಂದಿರ. ಮೀನಿನ ಕೊಳ. ಜಾರುಬಂಡೆ. ಬೇಸಿಗೆಯ ಮೂರು ತಿಂಗಳು ಜನ ಮಕ್ಕಳನ್ನು ಕರೆದುಕೊಂಡು ಬಂದರು. ಆಮೇಲೆ ಅದನ್ನು ಒಡೆದು ಹಾಕಿದರು, ಮೊದಲೇ ಹಾಗೆ ಗೊತ್ತುಮಾಡಿದ್ದರು.

ಇದನ್ನು ಕೇಳಿ ಇಲ್ಲಿ ಕೆಲವರಿಗೆ ಮುಜುಗರ ಆಗಿರಬಹುದು. 1966ರಲ್ಲಿ ಸ್ಟಾಕ್‌ಹೋಮಿನವರಿಗೂ ಆಗಿತ್ತು. ಆದರೆ ಯೋಚಿಸಿ. ನಾವೆಲ್ಲರೂ ಒಂದಲ್ಲ ಒಂದು ದಿನ ಹಾಗೇ ಹೊರಗೆ ಬಂದವರು. ನಿಕಿ ಅದನ್ನು ಗುಟ್ಟು ಅಂತ ತಿಳಿಯಲಿಲ್ಲ. ಒಂದು ದೊಡ್ಡ ಮನೆಯಂತೆ ಬಾಗಿಲು ತೆರೆದಿಟ್ಟರು.

ಜೆರುಸಲೆಮ್ಮಿನಲ್ಲಿ ಅವರು ಮಾಡಿದ ‘ಗೋಲೆಂ’ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. 1972ರ ಕೆಲಸ. ಒಂದು ಬಡಾವಣೆಯ ಪಾರ್ಕಿನಲ್ಲಿ ಕಪ್ಪು ಬಿಳುಪು ರಾಕ್ಷಸ. ಬಾಯಿಂದ ಮೂರು ಕೆಂಪು ನಾಲಿಗೆ ಇಳಿಬಿದ್ದಿವೆ. ಮೂರೂ ಜಾರುಬಂಡೆಗಳೇ. ಮಕ್ಕಳು ಹೆದರುತ್ತಾರೆ, ಬೇಡ ಎಂದು ದೊಡ್ಡವರು ತಕರಾರು ಎತ್ತಿದರು. ಹೆದರಿಕೆಯನ್ನು ಹತ್ತಿ ಇಳಿದರೆ ಹೆದರಿಕೆ ಹೋಗುತ್ತದೆ ಎಂಬುದು ನಿಕಿಯ ವಾದ. ರಾಕ್ಷಸ ಈಗಲೂ ಅಲ್ಲೇ ಇದ್ದಾನೆ. ಮಕ್ಕಳು ಅವನ ಬಾಯೊಳಗಿಂದ ಜಾರುತ್ತಲೇ ಇದ್ದಾರೆ.

ಈಗ ಸ್ವಲ್ಪ ಸಾಮಗ್ರಿಯ ಮಾತು. ಕಲೆಯ ಬಗ್ಗೆ ಮಾತಾಡುವವರು ಇದನ್ನು ಹಾರಿಸಿಬಿಡುತ್ತಾರೆ. ನನಗೆ ಇದೇ ಮುಖ್ಯ. ಉಣ್ಣೆ, ಕಾಗದದ ನಾನಾ ಮಳೆಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಬಯಲಿಗೆ ಬರಬೇಕಾದರೆ ಗಟ್ಟಿ ಮೈ ಬೇಕು. ಕಲ್ಲು, ಕಂಚು ಅಂದರೆ ಭಾರ, ಬಣ್ಣವೂ ಹಿಡಿಯುವುದಿಲ್ಲ. ನಿಕಿ ಪಾಲಿಯೆಸ್ಟರ್ ರೆಸಿನ್ ಆರಿಸಿಕೊಂಡರು. ನಾವು ಫೈಬರ್ ಅಂತ ಕರೆಯುತ್ತೇವಲ್ಲ, ನೀರಿನ ತೊಟ್ಟಿ, ದೋಣಿ ಮಾಡುವುದು, ಅದೇ. ಗಾಜಿನ ನಾರಿನ ಪದರದ ಮೇಲೆ ರೆಸಿನ್ ಬಳಿದು ಒಣಗಿಸುವುದು. ಹಗುರ, ಗಟ್ಟಿ. ಬೇಕಾದ ಉಬ್ಬು ತಗ್ಗು ಬರುತ್ತದೆ. ಮೇಲೆ ಎಂಥ ಬಣ್ಣವನ್ನೂ ಹಚ್ಚಬಹುದು. ಒಂಟಿ ಕಾಲಲ್ಲಿ ಕುಣಿಯುವ ದಪ್ಪ ಹೆಂಗಸನ್ನು ಕಲ್ಲಿನಲ್ಲಿ ನಿಲ್ಲಿಸುವುದು ಬಹಳ ಕಷ್ಟ. ಫೈಬರ್‌ನಲ್ಲಿ, ಒಳಗೆ ಕಬ್ಬಿಣದ ಆಸರೆ ಕೊಟ್ಟರೆ, ಅವಳು ನಿಲ್ಲುತ್ತಾಳೆ. ನಾನಾಗಳ ಹಗುರತನ ಬರೀ ಭಾವದ್ದಲ್ಲ, ವಸ್ತುವಿನದ್ದೂ ಹೌದು.

ಆದರೆ ರೆಸಿನ್ ಹೊಗೆ ವಿಷ. ಆಕಾರಕ್ಕಾಗಿ ಥರ್ಮಕೋಲ್ ಕತ್ತರಿಸುವಾಗ ಏಳುವ ಹೊಗೆಯೂ ಅಷ್ಟೆ. ಆಗ ಅದರ ಬಗ್ಗೆ ಎಚ್ಚರ ಕಡಿಮೆ. ವರ್ಷಗಟ್ಟಲೆ ಆ ಗಾಳಿ ಕುಡಿದು ನಿಕಿಯ ಶ್ವಾಸಕೋಶ ಹಾಳಾಯಿತು. 1974ರಲ್ಲಿ ಶ್ವಾಸಕೋಶದಲ್ಲಿ ಕೀವು ತುಂಬಿ ಆಸ್ಪತ್ರೆ ಸೇರಿದರು. ವರ್ಷ ಗಮನಿಸಿ. ಹಾನೋವರ್‌ನಲ್ಲಿ ಮೂವರು ಹೆಂಗಸರು ಬಯಲಲ್ಲಿ ಕುಣಿಯಲು ನಿಂತ ವರ್ಷವೇ ಅವರನ್ನು ಮಾಡಿದಾಕೆಗೆ ಉಸಿರಾಡುವುದು ಕಷ್ಟವಾಗಿತ್ತು. ಈ ಶಿಲ್ಪಗಳ ಖುಷಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಈ ವರ್ಷ ನೆನಪಾಗುತ್ತದೆ.

ಸುಧಾರಿಸಿಕೊಳ್ಳಲು ಅವರು ಸ್ವಿಟ್ಜರ್ಲೆಂಡಿನ ಬೆಟ್ಟದ ಊರು ಸೇಂಟ್ ಮೊರಿಟ್ಸ್‌ಗೆ ಹೋದರು. ಅಲ್ಲಿ ಹಳೆ ಗೆಳತಿ ಮರೆಲ್ಲಾ ಅನ್ಯೆಲ್ಲಿ ಸಿಕ್ಕರು. ನಿಕಿಗೆ ಒಂದು ಹಳೆ ಆಸೆ ಇತ್ತು. 1955ರಲ್ಲಿ ಬಾರ್ಸೆಲೋನಾದಲ್ಲಿ ಗೌಡಿ ಎಂಬ ವಾಸ್ತುಶಿಲ್ಪಿ ಮಾಡಿದ ಪಾರ್ಕ್ ಗುಯೆಲ್ ನೋಡಿದಾಗಿನಿಂದ, ತಾನೂ ಒಂದು ದಿನ ಶಿಲ್ಪಗಳ ತೋಟ ಮಾಡಬೇಕು ಎಂದು. ಫ್ರಾನ್ಸಿನ ಒತೆರಿವ್ ಹಳ್ಳಿಯಲ್ಲಿ ಶೆವಾಲ್ ಎಂಬ ಅಂಚೆಯವರು ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನು ಹೊತ್ತು ತಂದು 33 ವರ್ಷ ಕಟ್ಟಿದ ಅರಮನೆಯೂ ಅವರ ಮನಸ್ಸಿನಲ್ಲಿ ಕೂತಿತ್ತು. ಈ ಆಸೆ ಕೇಳಿದ ಮರೆಲ್ಲಾ ತಮ್ಮ ಸಹೋದರರ ಜಮೀನಿನಲ್ಲಿ ಜಾಗ ಕೊಡಿಸಿದರು. ಇಟಲಿಯ ಟಸ್ಕನಿಯಲ್ಲಿ, ಕಪಾಲ್ಬಿಯೊ ಊರಿನ ಹತ್ತಿರ, ಗರಾವಿಕ್ಕಿಯೊ ಎಂಬ ಗುಡ್ಡದಲ್ಲಿ. ಅಲ್ಲಿ ಹುಟ್ಟಿದ್ದು ಟ್ಯಾರೋ ತೋಟ. ಭವಿಷ್ಯ ಹೇಳಲು ಬಳಸುವ ಟ್ಯಾರೋ ಇಸ್ಪೀಟಿನ 22 ಮುಖ್ಯ ಎಲೆಗಳೇ ಅಲ್ಲಿನ ಶಿಲ್ಪಗಳು. ಸಾಮ್ರಾಜ್ಞಿ, ಮಾಂತ್ರಿಕ, ಸೂರ್ಯ, ಸಾವು, ಹುಚ್ಚ.

1970ರ ದಶಕದ ಕೊನೆಗೆ ಕೆಲಸ ಶುರು. ಟಾಂಗ್ಲಿ ಮತ್ತು ಅವರ ತಂಡ ಕಬ್ಬಿಣದ ಸರಳು ಬೆಸೆದು ಅಸ್ಥಿಪಂಜರ ನಿಲ್ಲಿಸಿದರು. ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಸಿಂಪಡಿಸಿದ ಸಿಮೆಂಟು. ಕೊನೆಗೆ ಒಂದೊಂದೇ ಕನ್ನಡಿ ಚೂರು, ಬಣ್ಣದ ಗಾಜು, ಸುಟ್ಟ ಮಣ್ಣಿನ ಬಿಲ್ಲೆ. ಬಿಲ್ಲೆಗಳನ್ನು ಅಲ್ಲೇ ಅಚ್ಚು ತೆಗೆದು ಸುಡುತ್ತಿದ್ದರು. ಕೆಲಸಕ್ಕೆ ಬಂದವರು ಹೆಚ್ಚಾಗಿ ಸುತ್ತಲಿನ ಊರಿನವರು. ಅವರಲ್ಲೂ ಒಬ್ಬ ಅಂಚೆಯವರಿದ್ದರು. ಅವರೇ ಮುಂದೆ ಮೊಸಾಯಿಕ್ ಕೆಲಸದ ಮುಖ್ಯ ಕೈಗಳಲ್ಲಿ ಒಬ್ಬರಾದರು. ನಿಕಿ ಇಂಥವರಿಗೆ ಕೆಲಸ ಕಲಿಸಿ, ನಂಬಿ, ಅವರ ಕೈಗೆ ಬಿಟ್ಟರು. ಅದು ನನಗೆ ಬಹಳ ಇಷ್ಟ.

ಸಾಮ್ರಾಜ್ಞಿ ಅಂದರೆ ದೊಡ್ಡ ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯರ ತಲೆ) ಆಕಾರದ ಹೆಂಗಸು. ನಿಕಿ ಕೆಲವು ವರ್ಷ ಅವಳೊಳಗೇ ವಾಸ ಮಾಡಿದರು! ಒಂದು ಎದೆಯಲ್ಲಿ ಮಲಗುವ ಕೋಣೆ, ಇನ್ನೊಂದರಲ್ಲಿ ಅಡುಗೆಮನೆ. ಗೋಡೆಗಳಿಗೆಲ್ಲ ಕನ್ನಡಿ ಚೂರು. ಆ ವರ್ಷಗಳಲ್ಲಿ ಸಂಧಿವಾತದಿಂದ ಅವರ ಕೈ ಬೆರಳುಗಳೇ ಸೊಟ್ಟಗಾಗಿದ್ದವು, ಆದರೂ ಕೆಲಸ ಬಿಡಲಿಲ್ಲ. ದುಡ್ಡಿಗೆ ಯಾರ ಮುಂದೆಯೂ ಕೈ ಚಾಚಲು ಇಷ್ಟವಿರಲಿಲ್ಲ. 1982ರಲ್ಲಿ ತಮ್ಮ ಹೆಸರಿನಲ್ಲಿ ಸುಗಂಧ ದ್ರವ್ಯ ಮಾರುಕಟ್ಟೆಗೆ ತಂದರು. ನೀಲಿ ಬಾಟಲಿ, ಮೇಲೆ ಹೆಣೆದುಕೊಂಡ ಎರಡು ಹಾವು. ತೋಟದ ಖರ್ಚಿನ ಸುಮಾರು ಮೂರರಲ್ಲಿ ಒಂದು ಪಾಲು ಅದರಿಂದ ಬಂತು. ತೋಟ ಜನರಿಗೆ ತೆರೆದದ್ದು 1998ರಲ್ಲಿ. ಅಷ್ಟರಲ್ಲಿ ಟಾಂಗ್ಲಿ ತೀರಿಕೊಂಡು ಏಳು ವರ್ಷ ಆಗಿತ್ತು.

ಹಾನೋವರ್‌ಗೆ ಮರಳೋಣ. ಗಲಾಟೆ ನಿಧಾನವಾಗಿ ತಣ್ಣಗಾಯಿತು. ಯಾವಾಗ, ಹೇಗೆ ಎಂದು ಒಂದು ದಿನ ಗುರುತಿಸಿ ಹೇಳಲು ಆಗುವುದಿಲ್ಲ. ನಾನಾಗಳು ನಿಂತ ದಂಡೆಯಲ್ಲಿ ಪ್ರತಿ ಶನಿವಾರ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಆ ಸಂತೆ ಶುರುವಾದದ್ದು 1967ರಲ್ಲಿ. ಸಂತೆಗೆ ಬಂದವರು ಇವರ ಕಾಲ ಬುಡದಲ್ಲೇ ಓಡಾಡಿದರು. ಮಕ್ಕಳು ಬೆಳೆದರು. ಊರು ಅವರಿಗೆ ಹೆಸರು ಕೊಟ್ಟಿತು: ಸೋಫಿ, ಕ್ಯಾರೊಲಿನ್, ಶಾರ್ಲೊಟ್ಟೆ. ಸೋಫಿ ಅಲ್ಲಿನ ರಾಜಮನೆತನದ ಒಡತಿ, ಇಂಗ್ಲೆಂಡಿನ ಮೊದಲನೇ ಜಾರ್ಜ್ ದೊರೆಯ ತಾಯಿ. ಕ್ಯಾರೊಲಿನ್ ಹರ್ಷೆಲ್ ಧೂಮಕೇತು ಕಂಡುಹಿಡಿದ ಖಗೋಳ ವಿಜ್ಞಾನಿ, ಹುಟ್ಟಿದ್ದು ಹಾನೋವರ್‌ನಲ್ಲೇ. ಶಾರ್ಲೊಟ್ಟೆ ಬುಫ್, ಗಯಟೆ ಕವಿ ಪ್ರೀತಿಸಿದ ಹುಡುಗಿ, ಮದುವೆಯಾಗಿ ಈ ಊರಿಗೆ ಬಂದವಳು. ಹೆಸರಿಟ್ಟು ಕರೆದ ಮೇಲೆ ಅವರು ಊರಿನವರೇ ಆದರಲ್ಲ!

2000ರಲ್ಲಿ ನಿಕಿ ತಮ್ಮ 300ಕ್ಕೂ ಹೆಚ್ಚು ಕೃತಿಗಳನ್ನು ಹಾನೋವರ್‌ನ ಸ್ಪ್ರೆಂಗೆಲ್ ಮ್ಯೂಸಿಯಂಗೆ ದಾನ ಕೊಟ್ಟರು. ಒಮ್ಮೆ ತಮ್ಮ ಕೆಲಸ ಬೇಡ ಎಂದ ಊರಿಗೇ. ನಗರ ಅವರಿಗೆ ಗೌರವ ಪೌರತ್ವ ನೀಡಿತು. ಆಗ ಅವರು ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿದ್ದರು. ಶ್ವಾಸಕೋಶಕ್ಕೆ ಅಲ್ಲಿನ ಹವೆ ಒಳ್ಳೆಯದು ಎಂದು ಹೋಗಿ ನೆಲೆಸಿದ್ದರು. 2002ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡರು. ಹಾನೋವರ್‌ನ ಹೆರೆನ್‌ಹೌಸೆನ್ ಅರಮನೆ ತೋಟದ ಹಳೆ ಗುಹಾಮಂದಿರಕ್ಕೆ ಅವರು ಮಾಡಿದ ಕನ್ನಡಿ, ಗಾಜಿನ ವಿನ್ಯಾಸ ಪೂರ್ತಿಯಾದದ್ದು ಮರು ವರ್ಷ. ಆ ರಾಜಮನೆತನದ ಸೋಫಿ ಪ್ರೀತಿಯಿಂದ ಬೆಳೆಸಿದ ತೋಟ ಅದು.

ಮಾತು ಮುಗಿದ ಮೇಲೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ನಾನಾಗಳಿಗೆ ಮುಖವೇ ಇಲ್ಲ, ತಲೆ ಅಷ್ಟು ಚಿಕ್ಕದು. ಹೆಣ್ಣೆಂದರೆ ಬರೀ ಮೈ ಅಂತ ಹೇಳಿದ ಹಾಗಾಗಲಿಲ್ಲವೇ ಮೇಡಂ?’

ಒಳ್ಳೆ ಪ್ರಶ್ನೆ. ಸುಲಭದ ಉತ್ತರ ಇಲ್ಲ. ಆಸ್ಟ್ರಿಯಾದ ವಿಲೆಂಡಾರ್ಫ್‌ನಲ್ಲಿ 1908ರಲ್ಲಿ ಸಿಕ್ಕ ಪುಟ್ಟ ಕಲ್ಲಿನ ಹೆಂಗಸನ್ನು ನೋಡಿ. ಸುಮಾರು 11 ಸೆಂಟಿಮೀಟರ್. ಹತ್ತಾರು ಸಾವಿರ ವರ್ಷ ಹಳೆಯದು. ಅವಳಿಗೂ ಮುಖವಿಲ್ಲ, ಮೈ ಮಾತ್ರ ತುಂಬಿದೆ. ನಾನಾಗಳು ಆ ವಂಶದವರು. ಆದರೆ ಇದರಿಂದ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ. ನನಗನಿಸುವುದು ಇಷ್ಟು. ನಿಕಿ ಮಾಡೆಲ್ ಆಗಿದ್ದವರು. ಎಲ್ಲರೂ ಅವರ ಮುಖವನ್ನೇ ನೋಡಿದ್ದರು. ಮುಖ ಎಂದರೆ ಯಾರೋ ಮೆಚ್ಚಬೇಕಾದ್ದು. ನಾನಾಗಳಿಗೆ ಆ ಕಾಟ ಇಲ್ಲ. ಅವರು ಯಾರಿಗೂ ಮುಗುಳ್ನಗೆ ತೋರಿಸಬೇಕಿಲ್ಲ. ಕಾಲು, ಸೊಂಟ, ತೋಳು ಎಲ್ಲ ಅವರದೇ ಕುಣಿತಕ್ಕೆ. ಆದರೂ ನಿಮಗೆ ಒಪ್ಪಿಗೆಯಾಗದಿದ್ದರೆ ನಿಮ್ಮ ತಕರಾರನ್ನು ಬಿಡಬೇಡಿ. ಶಿಲ್ಪದ ಮುಂದೆ ನಿಂತು ನೋಡಿ ತೀರ್ಮಾನ ಮಾಡಿ.

ಇನ್ನೊಬ್ಬರು ಕೇಳಿದ್ದು ಬಣ್ಣದ ಬಗ್ಗೆ. ಬಿಸಿಲು ಮಳೆಗೆ ಮಾಸುವುದಿಲ್ಲವೇ ಎಂದು.

ಮಾಸುತ್ತದೆ. ಬಿಸಿಲು ಬಣ್ಣವನ್ನು ತಿನ್ನುತ್ತದೆ, ಪದರ ಬಿರುಕು ಬಿಡುತ್ತದೆ. ಪ್ಯಾರಿಸ್ಸಿನಲ್ಲಿ ಪಾಂಪಿಡೂ ಕಲಾಕೇಂದ್ರದ ಪಕ್ಕ ನಿಕಿ ಮತ್ತು ಟಾಂಗ್ಲಿ ಸೇರಿ 1983ರಲ್ಲಿ ಮಾಡಿದ ಸ್ಟ್ರಾವಿನ್ಸ್ಕಿ ಕಾರಂಜಿ ಇದೆ. ಟಾಂಗ್ಲಿಯ ಕಪ್ಪು ಯಂತ್ರಗಳು, ನಿಕಿಯ ಬಣ್ಣದ ಹಕ್ಕಿ, ಹಾವು, ತುಟಿ, ಎಲ್ಲವೂ ನೀರು ಚಿಮ್ಮುತ್ತವೆ. ಅದೂ ಸೊರಗಿತ್ತು. ದೊಡ್ಡ ದುರಸ್ತಿ ಮಾಡಿ 2023ರಲ್ಲಿ ಮತ್ತೆ ನೀರು ಬಿಟ್ಟರು. ಹಳೆ ಬಣ್ಣವೇ ಇರಲಿ, ಮಾಸಿದರೂ ಅದೇ ಅಸಲಿ ಎನ್ನುವವರಿದ್ದಾರೆ. ಕಲ್ಲಿಗೆ ಆ ಮಾತು ಸರಿ. ನಿಕಿಗೆ ಅಲ್ಲ. ಅವರ ಶಿಲ್ಪದಲ್ಲಿ ಬಣ್ಣ ಮೇಲಿನ ಅಲಂಕಾರ ಅಲ್ಲ, ಬಣ್ಣವೇ ಶಿಲ್ಪ. ಮಾಸಿದ ನಾನಾ ಅರ್ಧ ನಾನಾ. ಮತ್ತೆ ಬಳಿಯುವುದೇ ಸರಿ ಎಂದು ನಾನು ಖಂಡಿತ ಹೇಳುತ್ತೇನೆ. ಬಳಿಯುವವರಿಗೆ ಮೊದಲಿನ ಛಾಯೆಗಳ ಸರಿಯಾದ ದಾಖಲೆ ಇರಬೇಕು, ಅಷ್ಟೆ.

ಆ ಕಡೆ ಹೋಗುವವರು ಯಾರಾದರೂ ಇದ್ದರೆ: ಹಾನೋವರ್‌ನ ನಾನಾಗಳನ್ನು ನೋಡಲು ಟಿಕೆಟ್ ಬೇಕಿಲ್ಲ, ರಾತ್ರಿಯೂ ನೋಡಬಹುದು. ಶನಿವಾರ ಹೋದರೆ ಸಂತೆಯೂ ಸಿಗುತ್ತದೆ. ಟಸ್ಕನಿಯ ತೋಟ ಚಳಿಗಾಲದಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ, ಏಪ್ರಿಲ್‌ನಿಂದ ಅಕ್ಟೋಬರ್ ಮಧ್ಯದೊಳಗೆ ಹೋಗಿ. ಅಲ್ಲಿ ಗೈಡ್ ಇರುವುದಿಲ್ಲ. ನಿಕಿಯೇ ಹಾಗೆ ಬಯಸಿದ್ದರು. ಜನ ತಮ್ಮ ಪಾಡಿಗೆ ಅಲೆದಾಡಲಿ ಎಂದು.